ಬೆಕ್ಕು ಸುರಕ್ಷಿತವಂತೆ, ಬಂದು ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಲೇನಿನ ಗ್ಲೂ ಪ್ಯಾಡ್ (ಇಲಿ ಹಿಡಿಯೋಕೆ ಇಡೋ ಅಂಟಿನ ಹಾಳೆ) ಗಲಾಟೆ ಬಗ್ಗೆ ನಿನ್ನೆ ನಿಮ್ಮ ಪೇಪರಲ್ಲಿ ಬಂದದ್ದು ಓದಿದೆ. ಕೊನೇ ಸಾಲಲ್ಲಿ "ಬೆಕ್ಕನ್ನು ಸುರಕ್ಷಿತವಾಗಿ ಬಿಡಿಸಲಾಯಿತು" ಅಂತ ಬರ್ದಿದ್ದೀರಲ್ಲ, ಆ ಬೆಕ್ಕು ನಮ್ದು. ಸುರಕ್ಷಿತ ಅಂದ್ರೆ ಇದೇನಾ ಸ್ವಾಮಿ? ಹೊಟ್ಟೆಯ ಒಂದು ಕಡೆ ಕೂದ್ಲೇ ಇಲ್ಲ, ಮೀಸೆ ಒಂದೇ ಪಕ್ಕ ಉಳ್ದಿದೆ, ಮೈ ನೆಕ್ಕಬಾರ್ದು ಅಂತ ಡಾಕ್ಟ್ರು ಕುತ್ತಿಗೆಗೆ ಕೋನ್ ಹಾಕಿದ್ದಾರೆ, ಅದು ಎಲ್ಲಾ ಬಾಗಿಲಿಗೂ ಢಿಕ್ಕಿ ಹೊಡ್ಕೊಂಡು ರಾತ್ರಿಯೆಲ್ಲ ಅರಚ್ತಾ ಇದೆ. ಮನೇಲಿ ಯಾರಿಗೂ ನಿದ್ದೆ ಇಲ್ಲ.

ಮೀಟರ್ ರೂಮಿನ ಹತ್ರ ಇಲಿಗೆ ಅಂತ ಇಟ್ಟಿದ್ದ ಪ್ಯಾಡಿಗೆ ನಮ್ಮ ಬೆಕ್ಕು ಅಂಟಿಕೊಂಡದ್ದನ್ನ ನೀವೇ ಬರ್ದಿದ್ದೀರಿ. ಬರೀದೇ ಇದ್ದದ್ದು ಬಿಡಿಸಿದ ಕತೆ. ವಾಚ್‌ಮನ್ ಪ್ಯಾಡ್ ಹಿಡಿದು ಎಳೆಯೋಕೇ ಶುರು ಮಾಡಿದ್ದ, ಎಳೆದ್ರೆ ಕೂದಲ ಜೊತೆ ಚರ್ಮಾನೂ ಕಿತ್ತು ಬರುತ್ತೆ ಅಂತ ನಾನು ಕೂಗೋಷ್ಟರಲ್ಲಿ ಮೇಲಿನ ಮನೆ ಕಾಕಾ "ರಾಕೇಲ್ ಟಾಕಾ", ಅಂದ್ರೆ ಸೀಮೆಎಣ್ಣೆ ಹಾಕಿ, ಅಂತ ಬಾಟ್ಲಿ ಹಿಡ್ಕೊಂಡು ಬಂದ್ರು, ಇನ್ನೊಬ್ರು ಪೇಂಟರ್ ಹತ್ರ ಥಿನ್ನರ್ ಕೇಳೋಕೆ ಓಡಿದ್ರು. ಬೆಕ್ಕು ದಿನವಿಡೀ ಮೈ ನೆಕ್ಕೋ ಪ್ರಾಣಿ ಮಾರಾಯ್ರೆ, ಸೀಮೆಎಣ್ಣೆ ಥಿನ್ನರ್ ಹೊಟ್ಟೆಗೆ ಹೋದ್ರೆ ಗತಿ ಏನು? ಕೊನೆಗೆ ನನ್ನ ಹೆಂಡ್ತಿ ಟವೆಲಲ್ಲಿ ಸುತ್ತಿ ಹಿಡ್ಕೊಂಡ್ಲು, ಅಂಟಿನ ಅಂಚಿಗೆ ಅಡಿಗೆ ಎಣ್ಣೆ ಬಿಟ್ಟು ಬೆರಳಲ್ಲಿ ತೀಡಿ ತೀಡಿ ಒಂದೊಂದೇ ಕಾಲು ಬಿಡಿಸಿದ್ವಿ, ಬಿಟ್ಟ ಕಾಲು ಮತ್ತೆ ಹೋಗಿ ಅಂಟಬಾರ್ದು ಅಂತ ಮೈದಾ ಉದುರಿಸೋದು, ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ಡು, ಉಗುರುಬೆಚ್ಚಗಿನ ನೀರು. ಸೇಂಗಾ ಎಣ್ಣೆ ಪ್ಯಾಕೆಟ್ ಖಾಲಿ, ನನ್ನ ಆಫೀಸ್ ಪ್ಯಾಂಟು ಹೋಯ್ತು, ಕೈಯೆಲ್ಲ ಪರಚಿ ನನಗೇ ಇಂಜೆಕ್ಷನ್ ಆಯ್ತು. ಪರೇಲಿನ ಪ್ರಾಣಿಗಳ ಆಸ್ಪತ್ರೆಗೆ ಹೋಗಿ ಅಂತ ಸಲಹೆ ಕೊಟ್ಟೋರೇನೂ ಕಡಿಮೆ ಇಲ್ಲ, ಮುಲುಂಡಿನಿಂದ ಪರೇಲಿಗೆ ಸಂಜೆ ಹೊತ್ತು ಎಣ್ಣೆ ಮೆತ್ತಿದ ಬೆಕ್ಕಿನ ಬುಟ್ಟಿ ಹಿಡ್ಕೊಂಡು ಸ್ಲೋ ಲೋಕಲ್ ಹತ್ತೋದು ಹೇಗೆ ಅಂತ ಅವ್ರೇ ಒಮ್ಮೆ ತೋರಿಸ್ಲಿ. ಹತ್ರದ ಕ್ಲಿನಿಕ್ಕಿಗೇ ಹೋದ್ವಿ, ಬಿಲ್ ಎಷ್ಟು ಅಂತ ಕೇಳ್ಬೇಡಿ.

ಸೊಸೈಟಿ ಸೆಕ್ರೆಟರಿ ಸಾಹೇಬ್ರ ಉತ್ತರ ಏನು ಗೊತ್ತಾ? "ಬೆಕ್ಕನ್ನ ಮನೇಲಿ ಕಟ್ಟಿಹಾಕಿ." ಆಯ್ತು ಸ್ವಾಮಿ, ಹಲ್ಲಿ ಗುಬ್ಬಿಗಳಿಗೂ ಒಂದು ನೋಟಿಸ್ ಕಳ್ಸಿ. ಪುಸ್ತಕದ ಥರ ಬಿಚ್ಚಿ ಓಡಾಡೋ ದಾರೀಲಿ ಇಟ್ಟು ಹೋದ್ರೆ ಯಾರು ಬಂದು ಅಂಟ್ತಾರೆ ಅಂತ ಅಂಟಿಗೇನು ಗೊತ್ತು? ಇಡಲೇಬೇಕು ಅಂತಿದ್ರೆ ಇಲಿ ಮಾತ್ರ ನುಗ್ಗೋಷ್ಟು ತೂತಿರೋ ಡಬ್ಬಿ ಒಳಗೆ ಸ್ಪ್ರಿಂಗಿನ ಬೋನು ಇಡಿ, ಪೈಪಿನ ಸುತ್ತ ಇರೋ ಸಂದಿಗೆ ಜಾಲರಿ ಬಡಿರಿ. ಪೆಸ್ಟ್ ಕಂಟ್ರೋಲ್‌ನವ್ನು ಪ್ಯಾಡ್ ಇಟ್ಟು ದುಡ್ಡು ಎಣಿಸ್ಕೊಂಡು ಹೋದವ್ನು ತಿರುಗಿ ನೋಡೋದೂ ಇಲ್ಲ. ಅಂಟಿದ ಇಲಿ ಹೆದ್ರಿ ಅಲ್ಲೇ ಉಚ್ಚೆ ಹೊಯ್ತಾ ನರಳ್ತಾ ಇರುತ್ತೆ, ಲೆಪ್ಟೋ ಜ್ವರ ಹೆಚ್ಚಾಗಿ ಹರಡೋದೇ ಇಲಿ ಉಚ್ಚೆಯಿಂದ, ಮಳೆಗಾಲದ ಮುಂಬಯಿಯವ್ರಿಗೆ ಇದನ್ನ ಹೇಳಿಕೊಡ್ಬೇಕಾ?

ಕಾನೂನಿಲ್ವಾ ಅಂದ್ರೆ ಇದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಂದ 50 ರೂಪಾಯಿ. ಐವತ್ತು! ಈ ಪ್ಯಾಡ್ ಬೇಡ ಅಂತ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆಲ್ಲ ಸುತ್ತೋಲೆ ಕಳ್ಸಿದೆ, ಅದು ಯಾವ ಫೈಲಲ್ಲಿ ಮಲಗಿದೆಯೋ, ನಮ್ಮ ಸ್ಟೇಷನ್ ರೋಡಿನ ಅಂಗಡೀಲಿ ಮಾತ್ರ ಗ್ಲೂ ಪ್ಯಾಡ್ ತೋರಣ ಕಟ್ಟಿದ ಹಾಗೆ ನೇತಾಡ್ತಾ ಇದೆ. ಇಂಗ್ಲೆಂಡಲ್ಲಿ 2022ರಲ್ಲೇ ಇದಕ್ಕೆ ಅಂತ್ಲೇ ಬೇರೆ ಕಾನೂನು ಮಾಡಿದ್ರು.

ಇನ್ನು ಈ ಇಲಿಗಳು ಬಂದದ್ದಾದ್ರೂ ಎಲ್ಲಿಂದ? ಪಕ್ಕದ ರೀಡೆವಲಪ್‌ಮೆಂಟ್ ಬಿಲ್ಡಿಂಗ್ ಒಡೆದು ಡೆಬ್ರಿ ಹಾಗೇ ಬಿಟ್ಟಿದ್ದಾರೆ, ಮೂಲೆಯ ಕಸದ ಡಬ್ಬಿ ಎತ್ಕೊಂಡು ಹೋದ್ರು, ಕಸ ಮಾತ್ರ ಅಲ್ಲೇ ಇದೆ. ಕಂಪ್ಲೇಂಟ್ ಹಾಕಿದ್ರೆ ಯಾರೂ ಬರೋಕ್ಕೆ ಮುಂಚೆನೇ ಮೊಬೈಲಿಗೆ "ರಿಸಾಲ್ವ್ಡ್" ಅಂತ ಮೆಸೇಜ್ ಬರುತ್ತೆ. ನಮ್ಮ ವಾರ್ಡ್ ಆಫೀಸಿಗೇ ಹೋದ್ರೆ ಸಾಹೇಬ್ರು ಸೈಟಲ್ಲಿದ್ದಾರೆ, ಸೈಟಲ್ಲಿ ಕೇಳಿದ್ರೆ ಮೀಟಿಂಗಲ್ಲಿದ್ದಾರೆ. ಈ ಊರಲ್ಲಿ ರಾತ್ರಿ ಇಲಿ ಹೊಡೆಯೋಕೆ ಅಂತ್ಲೇ ಕೆಲಸದವ್ರಿದ್ದಾರೆ, ಒಬ್ಬೊಬ್ಬರಿಗೆ ರಾತ್ರಿಗೆ 30 ಇಲಿ ಲೆಕ್ಕ, ಪಾಪ ಕೋಲು ಟಾರ್ಚ್ ಹಿಡ್ಕೊಂಡು ಗಟಾರದ ಬದೀಲಿ ನಿಲ್ತಾರೆ, ಆ ಬಡವ್ರನ್ನ ನಾನು ಬೈಯಲ್ಲ. ಅವ್ರಿಗೆ ಲೆಕ್ಕ ಇರೋ ಹಾಗೆ ಎಸಿ ರೂಮಲ್ಲಿ ಕೂತವ್ರಿಗೂ ಒಂದು ಲೆಕ್ಕ ಇಟ್ಟಿದ್ರೆ ಗೊತ್ತಾಗ್ತಿತ್ತು. 2022ರ ಮಾರ್ಚಿಗೆ ಪಾಲಿಕೆಯ ಅವಧಿ ಮುಗಿದ್ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರ್ಲಿಲ್ಲ, ಆಗ ಅವ್ರಿಲ್ಲ ಅನ್ನೋ ನೆಪ. ಅವ್ರು ಇದ್ದಾಗ ಗಟಾರದ ಮುಚ್ಚಳ ಹಾಕಿಸೋಕೆ ಗಣಪತಿ ಹಬ್ಬ ಬರ್ಬೇಕಿತ್ತು, ಅದು ಬೇರೆ ಮಾತು.

ಹಾಗಾಗಿ ಸಂಬಂಧಪಟ್ಟವ್ರು, ಯಾರು ಅಂತ ಅವ್ರವ್ರೇ ತೀರ್ಮಾನ ಮಾಡ್ಕೊಳ್ಲಿ, ಈ ಗ್ಲೂ ಪ್ಯಾಡ್ ಮಾರೋದನ್ನ ನಿಲ್ಲಿಸ್ಬೇಕು, ಇಲ್ಲಾಂದ್ರೆ ಇಲಿಯನ್ನಾದ್ರೂ ನಿಲ್ಲಿಸ್ಬೇಕು, ಎರಡೂ ಮಾಡಿದ್ರೆ ಇನ್ನೂ ಒಳ್ಳೇದು. ನಮ್ಮ ಸೊಸೈಟಿ ಕಮಿಟಿಯವ್ರು ಬಿಲ್ ದುಡ್ಡು ಕೊಡ್ಲಿ, ಕೊಡೋ ಮುಖ ಇಲ್ಲದಿದ್ರೆ ಮುಂದಿನ ಮೀಟಿಂಗಲ್ಲಿ ಮೇಂಟೆನೆನ್ಸ್ ಏರಿಸೋ ಮಾತು ಎತ್ತೋಕೂ ಬರ್ಬೇಡಿ.

ನಿಮ್ಮ ಓದುಗ,
ಮುಲುಂಡ್ ಪೂರ್ವ, ಮುಂಬಯಿ