ಹತ್ತಕ್ಕೆ ಒಂಬತ್ತು

ಚಿ. ಸೌ. ಸುಮಾಳಿಗೆ ಅಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನಿನ್ನ ಹೊಸ ಮನೆ, ಪುಟ್ಟಿಯ ಹೊಸ ಶಾಲೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ನೀನು ಫೋನ್ ಇಟ್ಟ ಮೇಲೆ ನಿಮ್ಮಪ್ಪ, "ಮನೆ ಕೊಂಡೆ ಎಂದ ಮಗಳಿಗೆ ಹೀಗೆಯೇ ಹಾರೈಸುವುದು?" ಎಂದು ಗದರಿದರು. ದನಿ ಏರಿಸಿದ್ದಕ್ಕೆ ಬೇಸರವಿದೆ, ಹೇಳಿದ ಮಾತಿಗಲ್ಲ. ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ಸ್ವಂತ ಸಂಪಾದನೆಯಲ್ಲಿ ಮನೆ ಕೊಂಡದ್ದು ಇದೇ ಮೊದಲು. ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಆದರೆ ಆ ಹುಡುಗಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಅಮೆರಿಕಕ್ಕೆ ಬಂದಿದ್ದಾಗ ನಿಮ್ಮ ಅಪಾರ್ಟ್‌ಮೆಂಟಿನ ಕೆಳಗೆ ನಾನು ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಗೀಚಿದಾಗ ಪುಟ್ಟಿಯ ಜೊತೆ ಓಡಿ ಬಂದವಳು, ಕಪ್ಪು ಜನರ ಮನೆಯ ಮಗು. ಸಣ್ಣ ಸಣ್ಣ ಜಡೆಗಳು, ಪ್ರತಿಯೊಂದರ ತುದಿಗೂ ನೀಲಿ ಮಣಿ; ಕುಂಟಿದಾಗೆಲ್ಲ ಟಕಟಕ ಸದ್ದು. ಗೆರೆ ತುಳಿದರೆ ತಾನೇ ಒಪ್ಪಿಕೊಂಡು ಆಚೆ ನಿಲ್ಲುತ್ತಿದ್ದಳು, ನಮ್ಮ ಪುಟ್ಟಿಯಂತೆ ವಾದಕ್ಕೆ ಇಳಿಯುತ್ತಿರಲಿಲ್ಲ. ನನ್ನನ್ನು "ಅಜ್ಜಿ" ಎನ್ನಲು ಕಲಿತಿದ್ದಳು. ಇಬ್ಬರೂ ಒಂದೇ ತರಗತಿ. ಹೊಸ ಮನೆಗೆ ಕಾರಿನಲ್ಲಿ ಹತ್ತೇ ನಿಮಿಷವಂತೆ. ಆದರೂ ಊರು ಬೇರೆ, ಹಾಗಾಗಿ ಶಾಲೆಯೂ ಬೇರೆ. "ಅವಳು ನನ್ನ ಹೊಸ ಶಾಲೆಗೆ ಬರುವ ಹಾಗಿಲ್ಲ ಅಜ್ಜಿ" ಎಂದಳು ಪುಟ್ಟಿ, ಇವತ್ತು ಮಂಗಳವಾರ ಎನ್ನುವಷ್ಟು ಸಲೀಸಾಗಿ. ಏಕೆಂದು ಕೇಳಲೂ ಇಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಶಾಲೆಗಳಿಗೆ ಕೊಡುವ ಅಂಕದಲ್ಲಿ ಹಳೆಯ ಶಾಲೆಗೆ ಹತ್ತಕ್ಕೆ ಮೂರು, ಹೊಸದಕ್ಕೆ ಒಂಬತ್ತು ಎಂದೆ ನೀನು. ಆ ಅಂಕದಲ್ಲಿ ಮೇಷ್ಟರ ಪಾಠ ಎಷ್ಟು, ಅಪ್ಪ ಅಮ್ಮಂದಿರ ಸಂಬಳ ಎಷ್ಟು ಎಂಬುದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದ ನನಗೆ ಗೊತ್ತು. ನಿಮ್ಮ ನ್ಯೂಜೆರ್ಸಿಯಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯದು. ಕೋರ್ಟು ಹೇಳಿದ ಮೇಲೆ ಬಡ ಊರುಗಳಿಗೆ ರಾಜ್ಯ ಹೆಚ್ಚು ಹಣ ಕೊಟ್ಟಿತು. ಹಣ ಬಂತು, ಮಕ್ಕಳು ಬೆರೆಯಲಿಲ್ಲ.

"ಕಾನೂನು 1954ರಲ್ಲೇ ಬದಲಾಯಿತಲ್ಲ" ಎಂದೆ ನೀನು. ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ಬ್ರೌನ್ ಮೊಕದ್ದಮೆಯಲ್ಲಿ ತೀರ್ಪಾಯಿತು, ನಿಜ. ಅದೇ ಸುಪ್ರೀಂ ಕೋರ್ಟು 1974ರಲ್ಲಿ ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ, ಸುತ್ತಲಿನ ಉಪನಗರಗಳ ತಪ್ಪು ಸಾಬೀತಾಗದೆ ಅವುಗಳ ಶಾಲೆಗಳನ್ನು ಮಕ್ಕಳನ್ನು ಬೆರೆಸುವ ಯೋಜನೆಗೆ ಎಳೆಯುವಂತಿಲ್ಲ ಎಂದಿತು. ಹಣವಿದ್ದವರು ಗಡಿ ದಾಟಿ ಮನೆ ಮಾಡಿದರೆ ಮುಗಿಯಿತು, ಕೇಳುವವರಿಲ್ಲ. ನ್ಯೂಜೆರ್ಸಿಯ 1947ರ ಸಂವಿಧಾನವೇ ಶಾಲೆಗಳಲ್ಲಿ ಇಂಥ ಪ್ರತ್ಯೇಕತೆಯನ್ನು ನಿಷೇಧಿಸಿದೆ. ಆದರೂ ಇರುವ ಊರಿನ ಶಾಲೆಗೇ ಸೇರಬೇಕೆಂಬ ನಿಯಮವನ್ನು ಪ್ರಶ್ನಿಸಿ 2018ರಲ್ಲಿ ಜನ ಕೋರ್ಟಿಗೆ ಹೋಗಬೇಕಾಯಿತು.

ಟೀಚರಮ್ಮ ಶುರುಮಾಡಿದಳು ಎಂದು ನಗುತ್ತಿರಬಹುದು. ನಗು, ಆದರೆ ಇದೊಂದನ್ನು ಕೇಳು. ನಿನ್ನಂಥವರಿಗೆ ಆ ದೇಶದ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಬಂದದ್ದು, ಆ ಹುಡುಗಿಯ ಹಿರಿಯರಂಥವರು ಬೀದಿಗಿಳಿದು ಹಕ್ಕು ಕೇಳಿದ ಕಾಲದಲ್ಲಿ.

ಮನೆ ಬಿಡು ಎನ್ನುತ್ತಿಲ್ಲ. ಮಗುವಿಗೆ ಒಳ್ಳೆಯ ಶಾಲೆ ಬೇಡ ಎನ್ನುವ ಅಜ್ಜಿಯೂ ನಾನಲ್ಲ. ನಿನ್ನನ್ನು ಓದಿಸಲು ನಾವೂ ಊರು ಬಿಟ್ಟವರೇ. ಶನಿವಾರಗಳಂದು ಆ ಹುಡುಗಿಯನ್ನು ಮನೆಗೆ ಕರೆತಾ, ಪುಟ್ಟಿಯನ್ನೂ ಅವರ ಮನೆಗೆ ಕಳಿಸು. ಕಳಿಸುವುದೇ ಮುಖ್ಯ. ಗೃಹಪ್ರವೇಶಕ್ಕೆ ಅವಳ ಮನೆಯವರನ್ನೆಲ್ಲ ಕರೆ. ಕರೆಯುತ್ತೀಯೋ ಇಲ್ಲವೋ ಬೇಗ ತಿಳಿಸು, ನಾನು ಟಿಕೆಟ್ ಮಾಡಿಸಬೇಕು.

ಇಂತಿ,
ನಿನ್ನ ಅಮ್ಮ