ರೈಲ್ವೆ ಸಿಬ್ಬಂದಿಯ ದಣಿವು: ಸಂಶೋಧನೆ ನಿದ್ದೆಯ ಲೆಕ್ಕದಿಂದ ಶುರುವಾಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ರೈಲ್ವೆ ಸಿಬ್ಬಂದಿಯ ಒತ್ತಡ ಮತ್ತು ದಣಿವಿನ ಮೇಲೆ ಫೆಲೋಶಿಪ್ ಕೊಟ್ಟು ಪಿಎಚ್‌.ಡಿ. ಮಾಡಿಸುವುದು ಬಹಳ ಅಗತ್ಯದ ಕೆಲಸ. ಆದರೆ ಮುನ್ನೂರು ಜನರಿಗೆ ಒಂದೇ ಸಲ ಪ್ರಶ್ನಾವಳಿ ಹಂಚಿ, ಸರಾಸರಿ ತೆಗೆದು, ‘ಒತ್ತಡ ಮಧ್ಯಮ ಪ್ರಮಾಣದಲ್ಲಿದೆ’ ಎಂದು ಬರೆದರೆ ಪದವಿ ಸಿಗಬಹುದೇ ಹೊರತು ಡ್ಯೂಟಿ ಪಟ್ಟಿಯಲ್ಲಿ ಒಂದು ಗಂಟೆಯೂ ಆಚೀಚೆ ಆಗುವುದಿಲ್ಲ. ಹಣ ಕೊಡುವವರೂ ಸಂಶೋಧನೆಗೆ ಇಳಿಯುವವರೂ ಮೊದಲೇ ಯೋಚಿಸಬೇಕಾದ ಕೆಲವು ಸಂಗತಿಗಳನ್ನು ಹೇಳಬಯಸುತ್ತೇವೆ.

ಒತ್ತಡ ಬೇರೆ, ದಣಿವು ಬೇರೆ. ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ರಾತ್ರಿ ಚೆನ್ನಾಗಿ ನಿದ್ದೆಯಾಗಿದ್ದರೂ ತಲೆ ಸಿಡಿಯುವಷ್ಟು ಒತ್ತಡ ಇರಬಹುದು: ಕೆಲಸದ ಬೇಡಿಕೆ ಹೆಚ್ಚು, ತೀರ್ಮಾನ ತಮ್ಮ ಕೈಯಲ್ಲಿಲ್ಲ. ಕೆಲಸದ ಒತ್ತಡದ ಬಗ್ಗೆ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟ ಮಾದರಿ ಹಿಡಿಯುವುದು ಇದನ್ನೇ. ನಸುಕಿನ ನಾಲ್ಕು ಗಂಟೆಗೆ ನೇರ ಹಳಿಯ ಮೇಲೆ ಗೂಡ್ಸ್ ಗಾಡಿ ಓಡಿಸುವವರ ಪಾಡು ಇದಕ್ಕೆ ತದ್ವಿರುದ್ಧ. ಮಾಡಲು ಕೆಲಸ ಕಡಿಮೆ, ಕಣ್ಣು ಮಾತ್ರ ಎಳೆಯುತ್ತಿರುತ್ತದೆ. ಒಂದೇ ಪ್ರಶ್ನಾವಳಿ ಇಬ್ಬರನ್ನೂ ಅಳೆಯಲಾರದು.

ಇನ್ನು ವಿಶ್ರಾಂತಿಯ ಲೆಕ್ಕ. ಎರಡು ಡ್ಯೂಟಿಗಳ ನಡುವೆ ಎಂಟು ಗಂಟೆ ಬಿಡುವು ಇದೆಯೆಂದುಕೊಳ್ಳೋಣ. ಚಾರ್ಜ್ ಒಪ್ಪಿಸಿ ಹೊರಬೀಳಲು ಅರ್ಧ ಗಂಟೆ, ಹೋಗಿಬರಲು ಒಂದು ಗಂಟೆ, ಸ್ನಾನ, ಊಟಕ್ಕೆ ಒಂದು ಗಂಟೆ, ಎದ್ದು ಸಿದ್ಧವಾಗಲು ಮುಕ್ಕಾಲು ಗಂಟೆ. ಮಲಗಲು ಉಳಿದದ್ದು ಐದು ಗಂಟೆಗೂ ಕಡಿಮೆ. ಅದೂ ಹಗಲಾಗಿದ್ದರೆ ದೇಹದ ಗಡಿಯಾರವೇ ನಿದ್ದೆಗೆ ಅಡ್ಡ ಬರುತ್ತದೆ. ಪಟ್ಟಿಯಲ್ಲಿ ಬರೆದ ಗಂಟೆಗಳನ್ನು ನಂಬಿ ಕೂತ ಸಂಶೋಧಕರಿಗೆ ಇದು ಕಾಣುವುದೇ ಇಲ್ಲ. ನಿಜವಾಗಿ ಬಂದುಹೋದ ಸಮಯದ ದಾಖಲೆ ಬೇಕು, ಜೊತೆಗೆ ಮಣಿಕಟ್ಟಿಗೆ ಕಟ್ಟಿ ಕೈಯ ಅಲುಗಾಟದಿಂದ ನಿದ್ದೆ ಅಂದಾಜಿಸುವ ಆಕ್ಟಿಗ್ರಾಫ್ ಮತ್ತು ನಿದ್ದೆಯ ಡೈರಿ ಬೇಕು. ಕನಿಷ್ಠ ಹದಿನಾಲ್ಕು ದಿನ, ಪಾಳಿಯ ಒಂದು ಸುತ್ತು ಅದಕ್ಕಿಂತ ಉದ್ದವಿದ್ದರೆ ಸುತ್ತು ಮುಗಿಯುವವರೆಗೆ. ಉಪಕರಣ ಬಿಚ್ಚಿಟ್ಟ ಹೊತ್ತನ್ನು ಡೈರಿಯಲ್ಲಿ ಬರೆಸದಿದ್ದರೆ, ಮೇಜಿನ ಮೇಲೆ ಬಿದ್ದಿದ್ದ ಆಕ್ಟಿಗ್ರಾಫ್ ‘ಗಾಢ ನಿದ್ದೆ’ ಎಂದು ಲೆಕ್ಕಕ್ಕೆ ಸೇರಿಬಿಡುತ್ತದೆ.

ಎಚ್ಚರ ಅಳೆಯಲು ಪಿವಿಟಿ (ಸೈಕೋಮೋಟರ್ ವಿಜಿಲೆನ್ಸ್ ಟೆಸ್ಟ್) ಎಂಬ ಹತ್ತು ನಿಮಿಷದ ಪರೀಕ್ಷೆಯಿದೆ. 2ರಿಂದ 10 ಸೆಕೆಂಡುಗಳ ಏರುಪೇರಿನ ಅಂತರದಲ್ಲಿ ಮತ್ತೆ ಮತ್ತೆ ಸಂಕೇತ ಮೂಡುತ್ತದೆ, ಕಂಡೊಡನೆ ಒತ್ತಬೇಕು. ಅರ್ಧ ಸೆಕೆಂಡು ಮೀರಿದರೆ ಎಚ್ಚರ ತಪ್ಪಿದ ಲೆಕ್ಕ. ಇದನ್ನು ಅವರವರ ಮೊಬೈಲಿನಲ್ಲೇ ಮಾಡಿಸಿದರೆ ಎಡವಟ್ಟು: ಟಚ್ ಸ್ಕ್ರೀನಿನ ವಿಳಂಬ ಫೋನಿಂದ ಫೋನಿಗೆ ಬೇರೆ. ಎಲ್ಲರಿಗೂ ಒಂದೇ ಮಾದರಿಯ ಉಪಕರಣ ಕೊಡಬೇಕು. ರೈಲು ಓಡಿಸುವಾಗ ಈ ಪರೀಕ್ಷೆ ಖಂಡಿತ ಸಲ್ಲದು. ಡ್ಯೂಟಿಗೆ ಹತ್ತುವ ಮುಂಚೆ, ಇಳಿದ ಕೂಡಲೇ ಮಾಡಿಸಬೇಕು. ಎಷ್ಟು ನಿದ್ದೆ ಎಳೆಯುತ್ತಿದೆ ಎಂದು ತಾವೇ ಗುರುತು ಹಾಕುವ ಒಂಬತ್ತು ಅಂಕಗಳ ಕರೋಲಿನ್ಸ್ಕಾ ತೂಕಡಿಕೆ ಮಾಪಕಕ್ಕೆ ಅರ್ಧ ನಿಮಿಷವೂ ಹಿಡಿಯದು, ಅದನ್ನೂ ಜೊತೆಗೇ ತುಂಬಿಸಬಹುದು.

ಎಂಜಿನ್ನಿನಲ್ಲಿ ಎಚ್ಚರಿಕೆ ಸಾಧನ ಇದೆಯಲ್ಲ ಎನ್ನುವವರಿದ್ದಾರೆ. ನಿಗದಿತ ಸಮಯದಲ್ಲಿ ಗುಂಡಿ ಒತ್ತದಿದ್ದರೆ ದೀಪ, ಆಮೇಲೆ ಬಜರ್, ಕೊನೆಗೆ ತಾನಾಗಿ ಬ್ರೇಕ್. ಸಾವಿರಾರು ಸಲ ಒತ್ತಿ ರೂಢಿಯಾದ ಕೈ ಅರೆನಿದ್ದೆಯಲ್ಲೂ ಗುಂಡಿ ಒತ್ತುತ್ತದೆ. ಕೈ ಆಡುತ್ತಿದೆ ಎಂದಷ್ಟೇ ಸಾಧನಕ್ಕೆ ಗೊತ್ತು, ಸಿಗ್ನಲ್ ಕಣ್ಣಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. 1987ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಕೇವಲ 11 ಚಾಲಕರ ಮೆದುಳಿನ ಅಲೆಗಳನ್ನು ಓಡುವ ರೈಲಿನಲ್ಲೇ ದಾಖಲಿಸಿ, ರಾತ್ರಿ ಪ್ರಯಾಣದ ತೂಕಡಿಕೆಯನ್ನು ಹಿಡಿದು ತೋರಿಸಿತು. ಸಂಖ್ಯೆ ಚಿಕ್ಕದಾದರೂ ಇಂಥ ಕೆಲಸಕ್ಕೆ ನಮ್ಮ ಮತ.

ಚಾಲಕರನ್ನಷ್ಟೇ ನೋಡಿದರೂ ಸಾಲದು. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲ್ಯಾಫಮ್ ಜಂಕ್ಷನ್ ಬಳಿ ರೈಲುಗಳು ಡಿಕ್ಕಿಯಾಗಿ 35 ಜನ ಸತ್ತದ್ದು ಒಂದು ತಂತಿಯಿಂದ. ಸಿಗ್ನಲ್ ವೈರಿಂಗ್ ಬದಲಿಸುವಾಗ ಹಳೆಯ ತಂತಿಯನ್ನು ಕತ್ತರಿಸಿ ತೆಗೆದಿರಲಿಲ್ಲ, ತುದಿಗೆ ಟೇಪ್ ಸುತ್ತಿ ಕಟ್ಟಿರಲಿಲ್ಲ. ಅದು ತನ್ನ ಹಳೆಯ ಜಾಗಕ್ಕೇ ತಾಗಿ, ಕೆಂಪು ತೋರಬೇಕಾದ ಸಿಗ್ನಲ್ ತೋರಲಿಲ್ಲ. ಆ ವೈರಿಂಗ್ ಮಾಡಿದ ತಂತ್ರಜ್ಞ ಹಿಂದಿನ 13 ವಾರಗಳಲ್ಲಿ ಪಡೆದ ರಜೆ ಒಂದೇ ದಿನ. ಆ್ಯಂಟನಿ ಹಿಡನ್ ಅವರ ವಿಚಾರಣಾ ವರದಿಯ ನಂತರವೇ ಅಲ್ಲಿ ದುಡಿಮೆಯ ಗಂಟೆಗಳಿಗೆ ಮಿತಿ ಬಂತು. ಹಳಿ, ಸಿಗ್ನಲ್ ದುರಸ್ತಿಯವರನ್ನು ಬಿಟ್ಟ ಅಧ್ಯಯನ ಅರ್ಧ ಅಧ್ಯಯನ.

ಕೆಲಸದ ಭಾರ ತಾಳದೆ ಬಿಟ್ಟುಹೋದವರು, ಬೇರೆ ಹುದ್ದೆಗೆ ಸರಿದವರು ಮಾದರಿಯಲ್ಲಿ ಸೇರಬೇಕು. ಇಲ್ಲದಿದ್ದರೆ ತಾಳಿಕೊಂಡವರ ಉತ್ತರವಷ್ಟೇ ಸಿಕ್ಕಿ ಎಲ್ಲ ಸರಿಯಿದೆ ಎನಿಸುತ್ತದೆ. ಮೇಲಧಿಕಾರಿಯ ಕೈಯಿಂದ ಹಂಚಿದ, ಹೆಸರು ಬರೆಸುವ ಫಾರಂನಲ್ಲಿ ‘ನನಗೆ ತೂಕಡಿಕೆ ಬರುತ್ತದೆ’ ಎಂದು ಯಾರು ಬರೆದಾರು? ಡ್ಯೂಟಿಯಿಂದ ತೆಗೆದುಬಿಟ್ಟಾರೆಂಬ ಭಯ ಸಹಜ. ಹೆಸರಿನ ಬದಲು ಸಂಕೇತ ಸಂಖ್ಯೆ ಇರಲಿ, ಯಾವ ಸಂಖ್ಯೆ ಯಾರದೆಂಬ ಪಟ್ಟಿ ವಿಶ್ವವಿದ್ಯಾಲಯದಲ್ಲಿರಲಿ. ಹತ್ತು ಜನಕ್ಕಿಂತ ಚಿಕ್ಕ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ಪ್ರಕಟಿಸುವುದು ಬೇಡ.

ಹಣ ರೈಲ್ವೆಯಿಂದಲೇ ಬಂದರೆ ಒಪ್ಪಂದವನ್ನು ಮೊದಲ ದಿನವೇ ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು: ಪ್ರಕಟಣೆಗೆ ಮುನ್ನ ಓದಿ ತಪ್ಪು ತೋರಿಸಬಹುದು, ತಡೆಯುವ ಹಕ್ಕಿಲ್ಲ. ನೈತಿಕ ಸಮಿತಿಯ ಒಪ್ಪಿಗೆ, ಇಲಾಖೆಯ ಅನುಮತಿ, ಕಾರ್ಮಿಕ ಸಂಘಗಳ ಜೊತೆ ಮಾತುಕತೆ ಇವಕ್ಕೇ ಒಂದು ವರ್ಷ ಹೋದರೆ ಆಶ್ಚರ್ಯವಿಲ್ಲ. ಆ ಹೊತ್ತಿಗೆ ಮೂರು ವರ್ಷದ ಫೆಲೋಶಿಪ್‌ನ ಮೂರನೇ ಒಂದು ಭಾಗ ಕರಗಿರುತ್ತದೆ, ಅವಸರಕ್ಕೆ ಮತ್ತೆ ಪ್ರಶ್ನಾವಳಿಯೇ ಗತಿ. ಆದ್ದರಿಂದ ಅನುಮತಿಗಳೆಲ್ಲ ಕೈಗೆ ಬಂದ ಮೇಲೆಯೇ ಫೆಲೋಶಿಪ್ ಅವಧಿ ಶುರುವಾಗುವಂತೆ ಧನಸಹಾಯದ ನಿಯಮ ಬರೆಯಬೇಕೆಂದು ಸಂಬಂಧಪಟ್ಟವರಲ್ಲಿ ನಮ್ಮ ಕೋರಿಕೆ.

ಇಂತಿ,
ರೈಲ್ವೆ ಸುರಕ್ಷತೆಯ ವಿಷಯದಲ್ಲಿ ಆಸಕ್ತರಾದ ಓದುಗರು