ಮೊದ್ಲು ಅಪ್ಪಾಜಿನ ಆಳಂದಕ್ಕ ಕಳಸು

ಕೊಲಂಬಸ್, ಓಹಾಯೋ
ಆಗಸ್ಟ್ 17

ಚಿ. ಮಲ್ಲೂಗ ಆಶೀರ್ವಾದ. ಅಪ್ಪಾಜಿಗಿ, ಅವ್ವಗ, ಕಾಕಾ-ಕಾಕೂಗ ಶರಣು. ನಾವೆಲ್ಲ ಇಲ್ಲಿ ಆರಾಮ ಇದ್ದೀವಿ.

ನಿನ್ನ ಪತ್ರ ಓದಿದೆ, ಫೋಟೊನೂ ನೋಡಿದೆ. ಮಾಳಗಿ ಸೋರಿ ಮ್ಯಾಲಿನ ಕೋಣಿ ಜಿಪ್ಸಂ ಸೀಲಿಂಗ್ ಜೋತು ಬಿದ್ದದ್ದು ದೊಡ್ಡ ಮಾತಲ್ಲ. ಎರಡು ಪುಟ ಅದನ್ನೇ ಬರದು, ಕೊನಿಗಿ ಒಂದೇ ಸಾಲು ಬರದಿದ್ದಿ: ಪಾಲಿಶ್ ಪೇಪರಿಲೆ ಸೀಲಿಂಗ್ ತಿಕ್ಕೋ ಕೆಲಸ ಚಾಲೂ ಆದಾಗಿಂದ ಅಪ್ಪಾಜಿಗಿ ಕೆಮ್ಮು ಜಾಸ್ತಿ ಆಗ್ಯಾದ, ರಾತ್ರಿ ಎದ್ದು ಕೂಡ್ತಾರ ಅಂತ. ಅದು ಮೊದಲನೇ ಸಾಲು ಆಗಬೇಕಿತ್ತು ತಮ್ಮಾ. ದಮ್ಮು ಇದ್ದವರ ಮನ್ಯಾಗ ಒಣ ಧೂಳು ಎಬ್ಬಸಬಾರದು. ಇದು ಓದಿದ ದಿನಾನೇ ಅವರನ್ನ ಆಳಂದಕ್ಕ ಅಕ್ಕನ ಮನಿಗಿ ಕಳಸು, ಉಸುರಿಗಿ ಹೊಡಕೊಳ್ಳೋ ಪಂಪು ಮರೀಬ್ಯಾಡ. ಕೆಳಗಿನ ಕೋಣ್ಯಾಗ ಬಾಗಿಲು ಹಾಕ್ಕೊಂಡು ಇರ್ತಾರ ಅನಬ್ಯಾಡ. ಆ ಧೂಳು ಗೋಧಿ ಹಿಟ್ಟಿಗಿಂತ ಸಣ್ಣದು, ಬಾಗಿಲ ಸಂದಿ ಹಿಡದು, ಪಾವಟಿಗಿ ಇಳದು ಇಡೀ ಮನಿ ತುಂಬ್ತದ. ಫೋನಿನ್ಯಾಗ ಹೇಳಿದ್ರ ಆಯ್ತು ಆಯ್ತು ಅಂತಿ, ಅದಕ್ಕ ಬರದು ಕಳಸ್ಲತ್ತೀನಿ. ಕಾರಿಗಾರಗೂ ಓದಿ ಹೇಳು.

ನನ್ನ ಮಾತಷ್ಟೇ ಅಂತ ತಿಳೀಬ್ಯಾಡ. ಇಲ್ಲಿ ಅಮೇರಿಕಾದಾಗ ಕೆಲಸಗಾರರ ಆರೋಗ್ಯ ನೋಡೋ ಸರಕಾರದ ಸಂಸ್ಥೆ ನಿಯಾಶ್ ಅಂತ ಅದ. 1999ರಾಗೇ ಅವರು ಎಚ್ಚರಿಕಿ ಹೊಂಡಸ್ಯಾರ: ಈ ಜಿಪ್ಸಂ ಬೋರ್ಡಿನ ಸಂದು ತಿಕ್ಕೋವಾಗ ಕೆಲವು ಕಡಿ ಧೂಳು ಕಾಯ್ದೆದ ಮಿತಿಗಿಂತ 10 ಪಟ್ಟು ಮುಟ್ಟಿತ್ತು. ಸಂದು ಮುಚ್ಚಲಾಕ ಹಚ್ಚೋ ಕಂಪೌಂಡಿನ್ಯಾಗ ಜಿಪ್ಸಂ ಒಂದೇ ಇರಂಗಿಲ್ಲ, ಟಾಲ್ಕ್, ಅಭ್ರಕ, ಕೆಲವದರಾಗ ಸಿಲಿಕಾ ಸುದ್ದಾ ಇರ್ತಾವ. ತಿಕ್ಕೋ ಸಾಮಾನಿಗಿ ವ್ಯಾಕ್ಯೂಮ್ ಪೈಪು ಜೋಡಿಸಿದ್ರ ಧೂಳು 80ರಿಂದ 97 ಪರ್ಸೆಂಟ್ ಕಡಿಮಿ ಆಗ್ತದ ಅಂತನೂ ಅವರೇ ಅಳದು ಹೇಳ್ಯಾರ. ಇಲ್ಲಿ ಹಳೀ ಮನಿ ಗೋಡಿ ಮುಟ್ಟೋಕಿಂತ ಮೊದ್ಲು ಚೂರು ಕೆತ್ತಿ ಲ್ಯಾಬಿಗಿ ಕಳಸ್ತಾರ, ಯಾಕಂದ್ರ 1977ರಾಗ ಬಂದ್ ಮಾಡೋತನ ಈ ಕಂಪೌಂಡಿನ್ಯಾಗ ಎದಿ ಕೆಡಸೋ ಆಸ್ಬೆಸ್ಟಾಸ್ ನಾರು ಹಾಕ್ತಿದ್ರು.

ಅವ್ವ ಕೇಳ್ಯಾಳಂತ, ಅಲ್ಲಿ ಖರೇವಂದ್ರೂ ಗೋಡಿ ಕಾಗದದ್ದೇನು ಅಂತ. ಹೌದು ಅಂತ ಹೇಳು. 16 ಇಂಚಿಗೊಂದು ಕಟಗಿ ಕಂಬ ನಿಂದ್ರಿಸಿ, ಎರಡೂ ಕಡಿ ಅರ್ಧ ಇಂಚಿನ ಬೋರ್ಡ್ ಸ್ಕ್ರೂ ಹೊಡದ್ರ ಗೋಡಿ ಆಯ್ತು, ನಡು ಪೊಳ್ಳು. ಬೋರ್ಡ್ ಅಂದ್ರ ಎರಡು ದಪ್ಪ ಕಾಗದದ ನಡು ಜಿಪ್ಸಂ. ಫೋಟೊ ತೂಗು ಹಾಕ್ಬೇಕಂದ್ರ ಬೆರಳಿಲೆ ಟಕ್ ಟಕ್ ಬಡದು ಒಳಗ ಕಂಬ ಎಲ್ಲದ ಅಂತ ಹುಡಕ್ತಾರ. ಬಾಗಿಲದ ಹಿಡಿಕಿ ಜೋರ್ ಬಡದ್ರ ಗೋಡಿಗಿ ತೂತು. ನಮ್ಮ ಶಹಾಬಾದ್ ಕಲ್ಲಿನ ಗೋಡಿಗಿ ಮೊಳಿ ಹೊಡಿಯೋವಾಗ ಮೊಳಿನೇ ಬಾಗ್ತದ. ಆದ್ರ ಇದನ್ನ ಹಗರ ಅಂತ ಕೀಳು ಮಾಡಬ್ಯಾಡ್ರಿ. ಜಿಪ್ಸಂ ತೂಕದಾಗ ಐದರಾಗ ಒಂದು ಪಾಲು ನೀರೇ. ಬೆಂಕಿ ಬಿದ್ರ ಆ ನೀರು ಆವಿ ಆಗಿ ಹೋಗೋತನ ಹಿಂದಿನ ಕಟಗಿಗಿ ಉರಿ ತಗಲಂಗಿಲ್ಲ, ಮಂದಿ ಹೊರಗ ಓಡಲಾಕ ಟೈಮ್ ಸಿಗ್ತದ.

ಈಗ ಕೆಲಸದ ಮಾತು. ಮೊದ್ಲು ಮಾಳಗಿ ಸೋರೋದು ನಿಲ್ಲಬೇಕು. ಒಂದು ಜೋರ್ ಮಳಿ ಬಂದು ಹೋಗಿ, ಒಳಗ ಹನಿ ಇಲ್ಲ ಅಂತ ಕಣ್ಣಾರೆ ನೋಡೋತನ ಹೊಸ ಬೋರ್ಡ್ ತರಬ್ಯಾಡ. ಜೋತು ಬಿದ್ದ ಜಾಗದಾಗ ನೀರು ನಿಂತಿರಬಹುದು. ಆ ಕೋಣಿ ಕರೆಂಟ್ ಮೇನಿನಿಂದ ತಗಿ, ಕೆಳಗ ಬಕೀಟ ಇಟ್ಟು, ಬಾಜೂಕ ನಿಂತು ಸ್ಕ್ರೂಡ್ರೈವರ್‌ಲೆ ಸಣ್ಣ ತೂತು ಹಾಕು. ಒಣಗಿದ 6x4 ಫೂಟಿನ ಬೋರ್ಡೇ ಹತ್ತಿರ ಹತ್ತಿರ 20 ಕೆಜಿ ತೂಗ್ತದ, ತೊಯ್ದದ್ದು ಇನ್ನೂ ಭಾರ. ತಲಿ ಮ್ಯಾಲ ಬೀಳ್ತದ. ಎರಡು ದಿನ ತೊಯ್ದು ಕುಂತ ಬೋರ್ಡ್ ಒಣಗಿದ್ರೂ ಇಟಗೊಳ್ಳಬ್ಯಾಡ. ಕಾಗದ ಬೂಷ್ಟಿಗಿ ಊಟ ಇದ್ದಂಗ, ಮ್ಯಾಲ ಬಣ್ಣ ಹೊಡದ್ರೂ ಒಳಗ ಬೆಳೀತದ, ಮತ್ತ ಅದೂ ಅಪ್ಪಾಜಿ ಎದಿಗೇ ಹೋಗ್ತದ. ಕಲಿ ಕಾಣೋ ಜಾಗದಿಂದ ಒಂದು ಫೂಟು ಆಚಿತನ ಕತ್ತರಿಸಿ ತಗಿ.

ಕತ್ತರಿಸೋದು ಚೌಕಾಗಿ, ಅಂಚು ಚಾನೆಲ್‌ದ, ಅಂದ್ರ ಬೋರ್ಡ್ ಹೊತ್ತ ಪಟ್ಟಿದ, ನಟ್ಟ ನಡು ಬರಂಗ. ಅಂದ್ರ ಹಳೀ ಬೋರ್ಡಿಗೂ ಹೊಸ ತುಂಡಿಗೂ ಅರ್ಧರ್ಧ ಆಸರ ಸಿಗ್ತದ. ಚಾನೆಲ್ ಇಲ್ಲದ ಕಡಿ ಹಿಂದ ಇನ್ನೊಂದು ಪಟ್ಟಿ ಕೂಡಸು. 12.5 ಎಂಎಂ ಬೋರ್ಡಿಗಿ 25 ಎಂಎಂ ಸ್ಕ್ರೂ ಸಾಕು, ಲೋಹದ ಚಾನೆಲ್ ಇದ್ದದ್ದಕ್ಕ ಸಣ್ಣ ಆಟಿಂದು (ಥ್ರೆಡ್), 9 ಇಂಚಿಗೊಂದು. ಸ್ಕ್ರೂ ತಲಿ ಕಾಗದದ ಮಟ್ಟಕ್ಕಿಂತ ಕೂದಲೆಳಿಯಷ್ಟು ಒಳಗ ಹೋಗಬೇಕು, ಆದ್ರ ಕಾಗದ ಹರೀಬಾರದು. ಹರದು ಬಿಳೀ ಪುಡಿ ಕಂಡ್ರ ಆ ಸ್ಕ್ರೂ ಏನೂ ಹಿಡದಿಲ್ಲ ಅಂತ ತಿಳಿ, ಎರಡು ಇಂಚು ಬಾಜೂಕ ಇನ್ನೊಂದು ಹೊಡಿ. ಮಿಷನ್ ಜೋರ್ ಒತ್ತೋ ಹುಡುಗರು ಇಲ್ಲೇ ಕೆಡಸ್ತಾರ.

ಸಂದಿಗಿ ಗೋಡಿ ಪುಟ್ಟಿ ತುಂಬಲಾಕ ಬಿಡಬ್ಯಾಡ. ಅದು ಸಿಮೆಂಟಿನ ಗೋಡಿದು, ಬೋರ್ಡ್ ಅಲ್ಲಾಡಿದ ಕೂಡ್ಲೇ ಬಿರಿ ಬಿಡ್ತದ. ಜಿಪ್ಸಂ ಜಾಯಿಂಟ್ ಕಂಪೌಂಡ್ ಅಂತನೇ ಕೇಳಿ ತರಸು, ಜೊತಿಗಿ ಎರಡು ಇಂಚಿನ ಕಾಗದದ ಟೇಪು. ಮೊದ್ಲು ಸಂದಿಗಿ ಕಂಪೌಂಡ್ ಹಚ್ಚಿ, ಅದು ಹಸಿ ಇದ್ದಾಗೇ ಟೇಪು ಕೂಡಿಸಿ, ಆರು ಇಂಚಿನ ಬ್ಲೇಡ್ ಪಟ್ಟಿಲೆ ನಡುವಿನಿಂದ ಎರಡೂ ಕಡಿ ಎಳೀಬೇಕು. ಟೇಪಿನ ಕೆಳಗ ಕಂಪೌಂಡ್ ಕಡಿಮಿ ಬಿದ್ದಲ್ಲಿ ಒಣಗಿದ ಮ್ಯಾಲ ಗುಳ್ಳಿ ಏಳ್ತದ. ಬೆರಳಿಲೆ ಬಡದು ನೋಡು, ಪೊಳ್ಳು ಸಪ್ಪಳ ಬಂದ್ರ ಅಷ್ಟೇ ಕೊಯ್ದು ಮತ್ತ ಕೂಡಿಸು. ಎರಡನೇ ಕೈ 10 ಇಂಚು ಅಗಲ, ಮೂರನೇದು 12 ಇಂಚು, ಒಂದಕ್ಕಿಂತ ಒಂದು ತೆಳ್ಳಗ. ಪ್ಯಾಕೆಟಿನ ಮ್ಯಾಲ 24 ತಾಸು ಅಂತ ಇರ್ತದ, ಈ ಶ್ರಾವಣದ ಹವಾದಾಗ ಎರಡು ದಿನ ಹಿಡದ್ರೂ ಹಿಡೀತದ. ಬೂದಿ ಬಣ್ಣ ಹೋಗಿ ಪೂರಾ ಬಿಳೀ ಆಗೋತನ ಮುಂದಿನ ಕೈ ಹಚ್ಚಬಾರದು. ಹಸಿ ಮ್ಯಾಲ ಹಚ್ಚಿದ್ರ ಕುಗ್ಗಿ ಸಂದು ಮತ್ತ ಕಾಣ್ತದ.

ಪಟ್ಟಿ ಸರಿಯಾಗಿ ಎಳದ್ರ ತಿಕ್ಕೋದು ಭಾಳ ಉಳಿಯಂಗಿಲ್ಲ. ಬ್ಯಾಟರಿ ಬೆಳಕು ಅಡ್ಡ ಹಿಡದು ನೋಡು, ಏರು ಇಳುವು ನೆರಳಾಗಿ ಕಾಣ್ತಾವ. ಅಷ್ಟು ಜಾಗ ಒಣ ಪಾಲಿಶ್ ಪೇಪರಿಲೆ ಅಲ್ಲ, ಹಸಿ ಸ್ಪಂಜಿಲೆ ತಿಕ್ಕಸು. ಸ್ಪಂಜು ತೊಯ್ಸಿ, ಹನಿ ಬೀಳದಂಗ ಹಿಂಡಿ, ಗುಂಡಗ ತಿರುವಿ, ಮ್ಯಾಲಿಂದ ಮ್ಯಾಲ ತೊಳಕೋತ ಹೋಗಬೇಕು. ಧೂಳು ಗಾಳಿಗಿ ಭಾಳ ಏಳಂಗಿಲ್ಲ. ನೀರು ಜಾಸ್ತಿ ಆದ್ರ ಕಾಗದ ಸಿಬಿರು ಏಳ್ತದ, ಅಷ್ಟೇ ಎಚ್ಚರ. ಹಿಂಗ ತಿಕ್ಕಲಾಕ ತಯಾರ್ ಬರೋ, ಹವಾಕ್ಕ ಒಣಗೋ ಕಂಪೌಂಡ್ ಬೇಕು. ನೀರು ಕಲಸಿದ ಮ್ಯಾಲ ತಾಸಿನ್ಯಾಗ ಕಲ್ಲಾಗೋ ಪುಡಿ ಸ್ಪಂಜಿಗಿ ಕರಗಂಗಿಲ್ಲ, ಅದು ಮೊದಲನೇ ಕೈಗಷ್ಟೇ. ಕಾರಿಗಾರ ಮಾರಿಗಿ ಟಾವೆಲ್ ಕಟಗೊಂಡ್ರ ಆಗಂಗಿಲ್ಲ, ಎನ್95 ಮಾಸ್ಕ್ ಕೊಡಸು.

ಸ್ವಚ್ಛ ಮಾಡೋದು ಅವ್ವನ ಕೈಯಾಗ ಬಿಡಬ್ಯಾಡ, ಆಕಿ ಕಸಬರಗಿ ಹಿಡೀತಾಳ. ಕಸಬರಗಿ ಆಡಿಸಿದ್ರ ಕೆಳಗ ಕುಂತ ಧೂಳು ಮತ್ತ ಎದ್ದು ತಾಸುಗಟ್ಲೆ ಗಾಳ್ಯಾಗೇ ಇರ್ತದ. ಫ್ಯಾನು ಬಂದ್ ಮಾಡಿ ಒಂದು ರಾತ್ರಿ ಬಿಡು. ಮುಂಜಾನಿ ಹಸಿ ಬಟ್ಟಿಲೆ ಮ್ಯಾಲಿಂದ ಕೆಳಗ ಬಾ: ಫ್ಯಾನಿನ ರೆಕ್ಕಿ, ಕಿಟಕಿ ಸಳಿ, ಕಪಾಟಿನ ತಲಿ, ಕಡೀಕ ಪರಸಿ. ಮನಿಗಿ ತಂದ ಸಾದಾ ವ್ಯಾಕ್ಯೂಮ್ ಹಚ್ಚಬ್ಯಾಡ, ಸಣ್ಣ ಧೂಳು ಹಿಡಿಯೋ ಹೆಪಾ ಫಿಲ್ಟರ್ ಇಲ್ಲದ್ದು ಹಿಂದಿನಿಂದ ಅದೇ ಧೂಳು ಹೊರಗ ಊದ್ತದ, ಮೋಟರೂ ಸುಡ್ತದ. ಪರಸಿ ಮ್ಯಾಲ ಬಿಳೀ ಮಬ್ಬು ಉಳೀತದ, ನೀರು ಬದಲಿಸಿ ಮೂರು ಸಲ ಒರಸು. ಇಲ್ಲಿ ಮಂದಿ ನೀರಿಗಿ ವಿನೆಗರ್ ಹಾಕ್ತಾರ, ನೀ ಹಾಕಬ್ಯಾಡ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಹುಳಿ ಬಿದ್ರ ಹೊಳಪು ತಿಂತದ. ಬಕೀಟಿನ ನೀರು ಬಚ್ಚಲಕ್ಕ ಚೆಲ್ಲಿದ್ರ ಪೈಪಿನ್ಯಾಗ ಗಟ್ಟಿ ಆಗ್ತದ, ಹೊರಗ ಮಣ್ಣಿಗಿ ಹಾಕು. ಮರುದಿನ ಕಪ್ಪು ಬಟ್ಟಿಲೆ ಕಪಾಟು ಒರಸಿ ನೋಡು. ಬಟ್ಟಿ ಬಿಳೀ ಆದ್ರ ಇನ್ನೊಂದು ಸಲ. ಬಟ್ಟಿ ಕಪ್ಪೇ ಉಳದ ಮ್ಯಾಲ ಅಪ್ಪಾಜಿನ ಕರಕೊಂಡು ಬಾ, ಅಲ್ಲಿತನ ಇರಲಾಕ ಬ್ಯಾಡ.

ಹುಮನಾಬಾದಿನವರು ಮುಂದಿನ ಐತವಾರ ಶೋಭಾನ್ನ ನೋಡ್ಲಾಕ ಬರ್ತಾರ, ಅದಕ್ಕೇ ಗಡಬಡಿ ಅಂತ ಬರದಿದ್ದಿ. ಮ್ಯಾಲಿನ ಕೋಣಿಗಿ ಕೀಲಿ ಹಾಕು, ಕೆಳಗ ಪಡಸಾಲ್ಯಾಗ ಕೂಡಸ್ರಿ. ಹುಡುಗಿ ನೋಡ್ಲಾಕ ಬಂದವರು ಸೀಲಿಂಗ್ ನೋಡಂಗಿಲ್ಲ. ಅಪ್ಪಾಜಿ ಅವತ್ತ ಒಂದು ತಾಸು ಬಂದು ಕುಂತು ಹೋಗಲಿ, ಅವತ್ತ ಕಾರಿಗಾರಗ ಸುಟ್ಟಿ. ಹೊಂದಿ ಬಂದ್ರೂ ಮದುವಿ ದೀಪಾವಳಿ ಆದ ಮ್ಯಾಲೇ, ಕೆಲಸ ಮುಗಿಲಾಕ ಬೇಕಾದಷ್ಟು ದಿನ ಅವ. ರೊಕ್ಕದ ಚಿಂತಿ ಬ್ಯಾಡ, ಸೋಮವಾರ 25 ಸಾವಿರ ಹಾಕ್ತೀನಿ, ಮೊದ್ಲು ಅದರಾಗ ಎದಿ ಡಾಕ್ಟರಿಗಿ ತೋರಸು. ಅಪ್ಪಾಜಿಗಿ ಏನೂ ಆಗಂಗಿಲ್ಲ, ಅವ್ವಗ ಅಳಬ್ಯಾಡ ಅಂತ ಹೇಳು, ನಾನೂ ಚಿಂತಿ ಮಾಡ್ಲತ್ತಿಲ್ಲ. ರಾತ್ರಿ ಮಲಗಿದಾಗ ಎದ್ಯಾಗ ಸೀಟಿ ಸಪ್ಪಳ ಬರ್ತದೇನು, ಮಾತಿನ ನಡು ಉಸುರಿಗಿ ನಿಲ್ತಾರೇನು, ಎರಡೂ ನೋಡಿ ಇವತ್ತೇ ತಿಳಸು.

ಡ್ಯೂಟಿಗಿ ಹೊತ್ತಾತು. ಆಳಂದ ಮುಟ್ಟಿದ ಕೂಡ್ಲೇ ಅಕ್ಕನ ಫೋನಿನಿಂದ ಮಿಸ್ ಕಾಲ್ ಕೊಡು, ಎಷ್ಟೇ ರಾತ್ರಿ ಇರಲಿ.

ನಿನ್ನ ಅಣ್ಣ,
ಶರಣು